ಏಳು ಸೀಟಿನ ಹಳೇ ಗಾಡಿ: ಮೀಟರ್ ನಂಬಬೇಡಿ, ಮೂಲ ನೋಡಿ

ಇವತ್ತು ವಿಧಾನಸೌಧದ ವಿಚಾರ ಬೇಡ. ನಿಮ್ಮ ಮನೆ ಮುಂದೆ ನಿಲ್ಲಬೇಕಾದ ಒಂದು ಗಾಡಿಯ ವಿಚಾರ ಮಾತಾಡೋಣ.

ಲೆಕ್ಕ ಹಾಕಿ ನೋಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅಪ್ಪ, ಅಮ್ಮ. ಆರು ಜನ ಆಯ್ತಾ? ಊರಿಂದ ಅತ್ತೆಯೋ ಚಿಕ್ಕಪ್ಪನೋ ಬಂದರೆ ಏಳು. ಇರುವ ಸಣ್ಣ ಕಾರಿನಲ್ಲಿ ಕೂರಬಹುದಾದವರು ಐದು ಜನ. ಹಾಗಾಗಿ ಏನು ಮಾಡ್ತೀವಿ? ಒಂದು ಮಗುವನ್ನು ತೊಡೆ ಮೇಲೆ ಕೂರಿಸ್ಕೋತೀವಿ, ಇನ್ನೊಂದನ್ನು ಮುಂದಿನ ಸೀಟಿನಲ್ಲಿ ಅಮ್ಮನ ಮುಂದೆ ನಿಲ್ಲಿಸ್ತೀವಿ. ಧರ್ಮಸ್ಥಳಕ್ಕೆ ಹೋಗೋದೂ ಹಾಗೇ, ಮದುವೆಗೆ ಹೋಗೋದೂ ಹಾಗೇ. ಬ್ರೇಕ್ ಹೊಡೆದ ಆ ಒಂದು ಕ್ಷಣದಲ್ಲಿ ತೊಡೆ ಮೇಲಿನ ಮಗುವನ್ನು ಯಾವ ತಾಯಿಯೂ ಹಿಡಿದುಕೊಳ್ಳೋಕಾಗಲ್ಲ. ಅದು ಪ್ರೀತಿ ಕಡಿಮೆ ಅಂತಲ್ಲ, ಅಷ್ಟು ಬಲ ಮನುಷ್ಯರ ಕೈಗೆ ಇಲ್ಲ.

ಹೀಗಾಗಿ ಏಳು ಸೀಟಿನ ಗಾಡಿ ಬೇಕು ಅನ್ನೋದು ಶೋಕಿಯ ಮಾತಲ್ಲ. ಆದರೆ ಷೋರೂಂಗೆ ಹೋದರೆ ಒಂದು ಸುಮಾರಾದ ಏಳು ಸೀಟಿನ ಹೊಸ ಗಾಡಿ ಬೆಂಗಳೂರಿನ ರಸ್ತೆಗೆ ಇಳಿಯುವಷ್ಟರಲ್ಲಿ ಹತ್ತು ಲಕ್ಷ ದಾಟಿರುತ್ತೆ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ದೇಶದಲ್ಲೇ ದುಬಾರಿ ಪೈಕಿ. ಐದರಿಂದ ಹತ್ತು ಲಕ್ಷದ ಗಾಡಿಗೆ ಶೇಕಡಾ 14, ಹತ್ತು ದಾಟಿ ಇಪ್ಪತ್ತರವರೆಗೆ ಶೇಕಡಾ 17, ಅದರ ಮೇಲೆ ಸೆಸ್. ಆಗ ಮಧ್ಯಮ ವರ್ಗದ ಮನೆಯಲ್ಲಿ ಒಂದು ಮಾತು ಹುಟ್ಟುತ್ತೆ: "ಸೆಕೆಂಡ್ ಹ್ಯಾಂಡ್ ನೋಡೋಣ್ವಾ?"

ಖಂಡಿತ ನೋಡಿ. ನಮ್ಮ ರಾಜ್ಯದಲ್ಲೇ ನೋಂದಣಿಯಾದ ಹಳೇ ಗಾಡಿಗೆ ಆ ಜೀವಿತಾವಧಿ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿ ಆಗಿದೆ. ಮೊದಲ ಮೂರ್ನಾಲ್ಕು ವರ್ಷದಲ್ಲಿ ಬೆಲೆ ಕುಸಿಯುವ ನಷ್ಟವನ್ನೂ ಅವನೇ ನುಂಗಿದ್ದಾನೆ. ಇದು ನಿಮ್ಮ ಲಾಭ. ಆದರೆ ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗೆ ಆಗಬಾರದು. ನಾನು ಇವತ್ತು ಹೇಳೋದು ಅದನ್ನೇ.

ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದನ್ನು ನೆನಪಿಸಿಕೊಳ್ಳಿ. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಈಗಲೂ ಹೋಗಿ ನೋಡಬಹುದು. ಕೊಂಬಿಗೆ ಬಣ್ಣ ಬಳಿದಿದ್ದಾರೆ, ಕೊರಳಿಗೆ ಗೆಜ್ಜೆ ಕಟ್ಟಿದ್ದಾರೆ ಅಂತ ಯಾವ ರೈತನೂ ಎತ್ತು ಕೊಳ್ಳಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತಾನೆ. ಸುಳಿ ನೋಡ್ತಾನೆ. ನಾಲ್ಕು ಹೆಜ್ಜೆ ನಡೆಸ್ತಾನೆ. ಯಾರ ಮನೆಯ ಎತ್ತು, ಯಾಕೆ ಮಾರ್ತಿದ್ದಾರೆ ಅಂತ ವಿಚಾರಿಸ್ತಾನೆ. ಇಷ್ಟೆಲ್ಲ ಆದಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅದೇ ರೈತನ ಮೊಮ್ಮಗ ಇವತ್ತು ಆರು ಲಕ್ಷದ ಗಾಡಿಯನ್ನು ಮೊಬೈಲಿನಲ್ಲಿ ನಾಲ್ಕು ಫೋಟೊ ನೋಡಿ, ಟೋಕನ್ ಅಡ್ವಾನ್ಸ್ ಕಳಿಸಿಬಿಡ್ತಾನೆ. ಅಜ್ಜನಿಗೆ ಇದ್ದ ಎಚ್ಚರ ಮೊಮ್ಮಗನಿಗೆ ಬೇಡವೇ?

ಮೊದಲು, ಯಾವ ಗಾಡಿ?

ಓಮ್ನಿಯಿಂದ ಶುರು ಮಾಡೋಣ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಿದ್ದು. ಹಾಲು ಹಾಕೋಕೂ ಅದೇ, ಆಂಬುಲೆನ್ಸೂ ಅದೇ, ಶಾಲೆ ಮಕ್ಕಳಿಗೂ ಅದೇ. ಸುರಕ್ಷತೆಯ ಹೊಸ ನಿಯಮಗಳಿಗೆ ಹೊಂದಿಸೋಕಾಗದೆ 2019ರಲ್ಲಿ ನಿಂತಿತು. ಇವತ್ತಿಗೂ ಒಂದೂವರೆ ಲಕ್ಷಕ್ಕೋ ಎರಡು ಲಕ್ಷಕ್ಕೋ ಸಿಗುತ್ತೆ ಅಂತ ಯಾರಾದರೂ ಹೇಳಬಹುದು. ನನ್ನ ಮಾತು ನೇರ: ಕುಟುಂಬಕ್ಕೆ ಬೇಡ. ಮುಂದೆ ಕೂತವರ ಮೊಣಕಾಲಿಗೂ ಎದುರಿಂದ ಬರುವ ಲಾರಿಗೂ ನಡುವೆ ಇರೋದು ಒಂದು ತಗಡು ಮಾತ್ರ.

ಅದರ ತಮ್ಮ ಈಕೋ, 2010ರಲ್ಲಿ ಬಂತು. ಗಟ್ಟಿ ಎಂಜಿನ್, ಹಳ್ಳಿಯ ಮೆಕ್ಯಾನಿಕ್ಕೂ ರಿಪೇರಿ ಮಾಡ್ತಾನೆ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ. ಖರ್ಚಿನ ವಿಚಾರದಲ್ಲಿ ಇದನ್ನು ಮೀರಿಸೋದು ಕಷ್ಟ. ಆದರೆ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಈಕೋವನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿದಾಗ ದೊಡ್ಡವರ ರಕ್ಷಣೆಗೆ ಬಂದ ಅಂಕ ಸೊನ್ನೆ ನಕ್ಷತ್ರ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಬೇಸಿಗೆಯಲ್ಲಿ ಬಿಸಿ ತಟ್ಟುತ್ತೆ. ಊರೊಳಗಿನ ಓಡಾಟಕ್ಕೆ, ಅಂಗಡಿ ಮತ್ತು ಮನೆ ಎರಡಕ್ಕೂ ಒಂದೇ ಗಾಡಿ ಬೇಕಾದವರಿಗೆ ಸರಿ. ಹೆದ್ದಾರಿಯಲ್ಲಿ ಇಡೀ ಸಂಸಾರವನ್ನು ಕೂರಿಸಿಕೊಂಡು ಓಡಿಸುವವರು ಎರಡು ಸಲ ಯೋಚನೆ ಮಾಡಿ.

ಎರ್ಟಿಗಾ. 2012ರಲ್ಲಿ ಬಂದಿದ್ದು ಒಂದು ಪೀಳಿಗೆ, 2018ರ ಕೊನೆಗೆ ಬಂದಿದ್ದು ಎರಡನೇ ಪೀಳಿಗೆ. ಬಹುತೇಕ ಮನೆಗಳಿಗೆ ಹೊಂದುವ ಗಾಡಿ ಇದೇ. ಎರಡನೇ ಪೀಳಿಗೆಯದ್ದು ಅಗಲ ಹೆಚ್ಚು, ಮೂರನೇ ಸಾಲಿನಲ್ಲಿ ಮನುಷ್ಯರು ಕೂರಬಹುದು. 2019ರ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಬಂತು. 2024ರಲ್ಲಿ ಬಿಗಿಯಾದ ಹೊಸ ನಿಯಮದಡಿ ಪರೀಕ್ಷೆ ಮಾಡಿದಾಗ ಒಂದಕ್ಕೆ ಇಳಿಯಿತು. ಇದನ್ನೂ ತಿಳ್ಕೊಂಡೇ ಕೊಳ್ಳಿ. ಡೀಸೆಲ್ ಎರ್ಟಿಗಾ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ನಿಂತಿದೆ. ಈಗ ಸಿಗೋ ಡೀಸೆಲ್ ಎಲ್ಲಾ ಅದಕ್ಕಿಂತ ಹಳೇದು.

ಇನ್ನೋವಾ. ನಮ್ಮ ಬಿಡದಿಯಲ್ಲೇ ತಯಾರಾಗೋ ಗಾಡಿ. ಕ್ವಾಲಿಸ್ ನಿಂತ ಮೇಲೆ 2005ರಲ್ಲಿ ಬಂತು, 2016ರಲ್ಲಿ ಕ್ರಿಸ್ಟಾ ಆಯಿತು. ಎರಡು ಲಕ್ಷ, ಮೂರು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾಗಳನ್ನು ನಾವೆಲ್ಲ ನೋಡಿದ್ದೀವಿ. ಗಟ್ಟಿತನದಲ್ಲಿ ಮಾತೇ ಇಲ್ಲ. ಆದರೆ ಅದೇ ಕಾರಣಕ್ಕೆ ಅದರಲ್ಲಿ ಮೋಸವೂ ಹೆಚ್ಚು. ಅತಿ ಹೆಚ್ಚು ಟ್ಯಾಕ್ಸಿಯಾಗಿ ದುಡಿದ ಗಾಡಿಯೂ ಅದೇ ಅಲ್ವಾ? ಹತ್ತು ವರ್ಷದ ಇನ್ನೋವಾ "ಎಪ್ಪತ್ತು ಸಾವಿರ ಕಿಲೋಮೀಟರ್ ಸಾರ್" ಅಂದರೆ ನಗಬೇಕು. ಹಳೇ 2.5 ಲೀಟರ್ ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಯಾವಾಗ ಬದಲಾಯಿಸಿದ್ದಾರೆ, ಬಿಲ್ ಎಲ್ಲಿ ಅಂತ ಕೇಳಿ. ಬೆಲ್ಟ್ ಹರಿದರೆ ಎಂಜಿನ್ ಬಿಚ್ಚಬೇಕಾಗಬಹುದು.

ಟ್ರೈಬರ್ 2019ರಲ್ಲಿ ಬಂತು. ನಾಲ್ಕು ಮೀಟರ್ ಒಳಗೆ ಏಳು ಸೀಟು, ಹಿಂದಿನ ಸೀಟು ಕಳಚಿ ಮನೆಯಲ್ಲಿಡಬಹುದು. 2021ರ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ. ಕಡಿಮೆ ಬಜೆಟ್ಟಿಗೆ ಒಳ್ಳೇ ಆಯ್ಕೆ. ಆದರೆ ಎಂಜಿನ್ ಒಂದೇ ಲೀಟರ್. ಏಳು ಜನ ತುಂಬಿಕೊಂಡು, ಎ.ಸಿ. ಹಾಕ್ಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಗೇರ್ ಇಳಿಸ್ತಾ, ಇಳಿಸ್ತಾ ಹೋಗಬೇಕಾಗುತ್ತೆ. ಮರಾಜೊ, 2018ರದ್ದು, ಅದೂ ನಾಲ್ಕು ನಕ್ಷತ್ರ, ಮೂರನೇ ಸಾಲು ಚೆನ್ನಾಗಿದೆ. ಮಾರಾಟ ಕಡಿಮೆ ಆಗಿದ್ದರಿಂದ ಸೆಕೆಂಡ್ ಹ್ಯಾಂಡ್ ಬೆಲೆಯೂ ಕಡಿಮೆ. ಕೊಳ್ಳುವವರಿಗೆ ಅದು ಅನುಕೂಲ, ಮುಂದೆ ಮಾರುವಾಗ ಅದೇ ಅನನುಕೂಲ. ಕ್ಯಾರೆನ್ಸ್ 2022ರಲ್ಲಿ ಬಂದಿದ್ದು.

ಇನ್ನು ಆಸೆ ಹುಟ್ಟಿಸುವ ಕೆಲವು ಇವೆ. ಷೆವರ್ಲೆ ಟವೇರಾ, ಎಂಜಾಯ್. ಕಂಪನಿ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದೆ. ದಟ್ಸನ್ ಗೋ ಪ್ಲಸ್, ಆ ಬ್ರ್ಯಾಂಡೇ 2022ರಲ್ಲಿ ಮುಚ್ಚಿತು. ರೆನೋ ಲಾಜಿ 2020ಕ್ಕೆ ನಿಂತಿತು, ಹೋಂಡಾ ಮೊಬಿಲಿಯೊ ಅದಕ್ಕೂ ಮುಂಚೆ. ಇವು ಕೆಟ್ಟ ಗಾಡಿ ಅಂತ ನಾನು ಹೇಳ್ತಿಲ್ಲ. ಅಗ್ಗಕ್ಕೆ ಸಿಗುತ್ತವೆ, ನಿಜ. ಆದರೆ ಹಾಸನದಲ್ಲೋ ಗದಗದಲ್ಲೋ ಗಾಡಿ ನಿಂತರೆ ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯೋ ತಾಳ್ಮೆ ನಿಮಗಿದೆಯಾ? ನಿಮ್ಮೂರಿನ ಮೆಕ್ಯಾನಿಕ್ಕನ್ನು ಮೊದಲು ಕೇಳಿ: "ಅಣ್ಣಾ, ಈ ಗಾಡಿ ತಂದರೆ ನೀನು ಮುಟ್ತೀಯಾ?" ಅವನು ತಲೆ ಕೆರೆದರೆ ಆ ಗಾಡಿ ಬಿಡಿ.

ಎರಡನೇ ಪ್ರಶ್ನೆ, ಯಾವ ವರ್ಷದ್ದು?

ಇದನ್ನು ಬರೆದಿಟ್ಟುಕೊಳ್ಳಿ. 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಅದೇ ವರ್ಷ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ರಿವರ್ಸ್ ಸೆನ್ಸರ್ ಕಡ್ಡಾಯ. 2022ರಿಂದ ಮುಂದೆ ಕೂತ ಇಬ್ಬರಿಗೂ ಏರ್‌ಬ್ಯಾಗ್. ಅಂದರೆ 2018ರ ಕಡಿಮೆ ದರ್ಜೆಯ ಗಾಡಿಗೂ 2022ರ ಅದೇ ಗಾಡಿಗೂ ಹೊರಗಿಂದ ವ್ಯತ್ಯಾಸ ಕಾಣಲ್ಲ, ಅಪಘಾತದ ದಿನ ಕಾಣುತ್ತೆ. ಹಳೇದನ್ನೇ ಕೊಳ್ಳುವುದಾದರೆ ಏರ್‌ಬ್ಯಾಗ್ ಇರುವ ಮೇಲಿನ ದರ್ಜೆಯದ್ದನ್ನು ಹುಡುಕಿ. ಮ್ಯೂಸಿಕ್ ಸಿಸ್ಟಂ ಆಮೇಲೆ ಹಾಕಿಸಬಹುದು, ಏರ್‌ಬ್ಯಾಗ್ ಆಮೇಲೆ ಹಾಕಿಸೋಕಾಗಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಹನ್ನೆರಡು, ಹದಿಮೂರು ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವವರು ಇದನ್ನು ಲೆಕ್ಕಕ್ಕೆ ಸೇರಿಸಿ.

ಪೆಟ್ರೋಲಾ, ಡೀಸೆಲ್ಲಾ, ಸಿಎನ್‌ಜಿಯಾ? ತಿಂಗಳಿಗೆ ಏಳೆಂಟು ನೂರು ಕಿಲೋಮೀಟರ್ ಓಡಿಸುವ ಮನೆಗೆ ಪೆಟ್ರೋಲ್ ಸಾಕು. ಮೆಕ್ಯಾನಿಕ್ ಕೈಯಲ್ಲಿ ಇಂಧನದ ರಬ್ಬರ್ ಪೈಪುಗಳನ್ನು ಒಮ್ಮೆ ನೋಡಿಸಿ. ಈಗ ಬಂಕಿನಲ್ಲಿ ಬರೋದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್, 2023ಕ್ಕಿಂತ ಹಳೇ ಗಾಡಿಗಳು ಅದಕ್ಕೆಂದು ತಯಾರಾದವಲ್ಲ. ಡೀಸೆಲ್ ಗಾಡಿ ದಿನಾ ದೂರ ಓಡುವವರಿಗೆ. ಸಿಎನ್‌ಜಿ ಖರ್ಚು ಉಳಿಸುತ್ತೆ, ಆದರೆ ನಿಮ್ಮ ದಾರಿಯಲ್ಲಿ ಬಂಕ್ ಇದೆಯಾ ನೋಡಿ. ಹೊರಗೆ ಹಾಕಿಸಿದ ಕಿಟ್ ಆಗಿದ್ದರೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು. ಮಕ್ಕಳ ಬೆನ್ನ ಹಿಂದೆ ಇರುವ ಸಿಲಿಂಡರ್ ಅದು, ಮರೀಬೇಡಿ.

ಮೂರನೇದು, ಗಾಡಿಯ ಮೈ ನೋಡೋದು.

ಹಗಲು ಹೊತ್ತಿನಲ್ಲಿ ಹೋಗಿ. ಮಳೆಯಲ್ಲಿ, ಸಂಜೆ ಲೈಟಿನಲ್ಲಿ ಬಣ್ಣದ ವ್ಯತ್ಯಾಸ ಗೊತ್ತಾಗಲ್ಲ. ಬರ್ತೀನಿ ಅಂತ ಹೇಳುವಾಗಲೇ "ಎಂಜಿನ್ ಸ್ಟಾರ್ಟ್ ಮಾಡಿ ಇಟ್ಟಿರಬೇಡಿ" ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ತಣ್ಣಗಿನ ಎಂಜಿನ್ನಿನ ತೊಂದರೆ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಬಹುದು. ಸ್ಟಾರ್ಟ್ ಮಾಡಿದಾಗ ಹೊಗೆ ನೋಡಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಕುಡೀತಿದೆ. ಬಿಳಿ ಹೊಗೆ ನಿಲ್ಲದೆ ಬರ್ತಾನೇ ಇದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಒಳಗೆ ಕಾಫಿ ಮೇಲಿನ ನೊರೆಯ ಹಾಗೆ ಅಂಟಿದ್ದರೆ ನೀರು ಸೇರಿದೆ ಅಂತ ಅರ್ಥ. ಅಲ್ಲಿಂದ ಎದ್ದು ಬನ್ನಿ.

ಮೀಟರ್ ನಂಬಬೇಡಿ. ಮೀಟರ್ ತಿರುಗಿಸೋದು ಅರ್ಧ ಗಂಟೆಯ ಕೆಲಸ. ಆದರೆ ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗ್ ಮೇಲಿನ ಸವೆತ, ಡ್ರೈವರ್ ಸೀಟಿನ ಅಂಚು ಸುಳ್ಳು ಹೇಳಲ್ಲ. ನಲವತ್ತು ಸಾವಿರ ಕಿಲೋಮೀಟರಿಗೆ ಪೆಡಲ್ ರಬ್ಬರ್ ನುಣ್ಣಗೆ ಸವೆಯಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2321 ಅಂದರೆ 2021ನೇ ಇಸವಿಯ 23ನೇ ವಾರ. ಗಾಡಿ 2021ರದ್ದು, ಇಪ್ಪತ್ತೈದು ಸಾವಿರ ಓಡಿದೆ ಅಂತಾರೆ, ಆದರೆ ನಾಲ್ಕೂ ಟೈರ್ 2024ರದ್ದು ಅಂದರೆ ಅಷ್ಟು ಬೇಗ ಟೈರ್ ಯಾಕೆ ಬದಲಾಯಿತು ಅಂತ ಕೇಳಿ.

ನೀರಿನಲ್ಲಿ ಮುಳುಗಿದ ಗಾಡಿ. 2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ. ಟಿವಿಯಲ್ಲಿ ಆ ದೃಶ್ಯ ನೀವೇ ನೋಡಿದ್ದೀರಿ. ಅಲ್ಲಿ ಮುಳುಗಿದ ಕಾರುಗಳು ಎಲ್ಲಿ ಹೋದವು? ಎಲ್ಲವೂ ಗುಜರಿಗೆ ಹೋಗಲಿಲ್ಲ. ಎಷ್ಟೋ ತೊಳೆದು ಒಣಗಿಸಿ ಮಾರುಕಟ್ಟೆಗೆ ಬರುತ್ತವೆ. ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತೆ. ಸೀಟಿನ ಕೆಳಗಿನ ಕಂಬಿ, ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ. ಸ್ಟೆಪ್ನಿ ಇಡುವ ಜಾಗದಲ್ಲಿ ಕೈ ಹಾಕಿ. ಕಾರಿನ ಒಳಗೆ ಪರ್ಫ್ಯೂಮ್ ವಾಸನೆ ಗಮ್ ಅಂತಿದ್ದರೆ, ಏನನ್ನು ಮುಚ್ಚೋಕೆ ಅಂತ ಯೋಚನೆ ಮಾಡಿ.

ಹಳದಿ ಬೋರ್ಡ್ ಇದ್ದು ಬಿಳಿ ಬೋರ್ಡ್ ಆದ ಗಾಡಿ. ಟ್ಯಾಕ್ಸಿಯನ್ನು ಖಾಸಗಿಗೆ ಬದಲಾಯಿಸೋದು ಕಾನೂನುಬದ್ಧವೇ. ಹೇಳಿ ಮಾರಿದರೆ ತಪ್ಪಿಲ್ಲ, ಬೆಲೆಯೂ ಕಡಿಮೆ ಇರಬೇಕು. ಹೇಳದೇ ಮಾರೋದು ಮೋಸ. ಸ್ಪೀಡ್ ಗವರ್ನರ್ ಬಿಚ್ಚಿದ ಗುರುತು ಇದೆಯಾ, ಬಾಗಿಲ ಮೇಲೆ ಸ್ಟಿಕರ್ ಕಿತ್ತ ಗುರುತು ಇದೆಯಾ, ಮೆಕ್ಯಾನಿಕ್ಕಿಗೆ ಗೊತ್ತಾಗುತ್ತೆ. ಸಾವಿರವೋ ಎರಡು ಸಾವಿರವೋ ಕೊಟ್ಟು ನಿಮ್ಮ ಮೆಕ್ಯಾನಿಕ್ಕನ್ನೇ ಕರ್ಕೊಂಡು ಹೋಗಿ. ಮಾರುವವನು ಸೂಚಿಸಿದ ಮೆಕ್ಯಾನಿಕ್ ಬೇಡ. ಹುಡುಗಿ ಕಡೆಯವರು ಹುಡುಗನ ಬಗ್ಗೆ ಹುಡುಗನ ಚಿಕ್ಕಪ್ಪನ್ನೇ ವಿಚಾರಿಸಿದ ಹಾಗಾಗುತ್ತೆ.

ನಾಲ್ಕನೇದು ಕಾಗದ. ಇಲ್ಲೇ ಅತಿ ಹೆಚ್ಚು ಜನ ಸಿಕ್ಕಿಹಾಕ್ಕೊಳ್ಳೋದು.

ಆರ್‌ಸಿಯನ್ನು ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ಹಾಕಿ ನೋಡಿ. ಎಷ್ಟನೇ ಮಾಲೀಕ, ಸಾಲ ಇದೆಯಾ, ವಿಮೆ ಎಲ್ಲಿಯವರೆಗೆ, ಕಪ್ಪು ಪಟ್ಟಿಯಲ್ಲಿದೆಯಾ, ಇವೆಲ್ಲ ವಿಚಾರಿಸಬಹುದು. ಚಾಸಿ ನಂಬರ್ ಗಾಡಿಯಲ್ಲಿರೋದೂ ಆರ್‌ಸಿಯಲ್ಲಿರೋದೂ ಒಂದೇನಾ ಅಂತ ಕಣ್ಣಾರೆ ನೋಡಿ. ಆರ್‌ಸಿಯಲ್ಲಿ ಐದು ಸೀಟು ಅಂತಿದ್ದು ಗಾಡಿಯಲ್ಲಿ ಏಳು ಇದ್ದರೆ ಅದು ಆಮೇಲೆ ಜೋಡಿಸಿದ ಬೆಂಚು. ಈಕೋದಲ್ಲಿ ಇದು ಸಾಮಾನ್ಯ. ಪೊಲೀಸ್ ದಂಡ ಒಂದು ಕಡೆ ಇರಲಿ, ನಾಳೆ ವಿಮಾ ಕಂಪನಿಯವರು ಇದನ್ನೇ ಹಿಡ್ಕೊಂಡು ಕೂರ್ತಾರೆ.

ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಫಾರಂ 35 ಬೇಕೇ ಬೇಕು. "ಸಾಲ ತೀರಿದೆ ಸಾರ್, ಎನ್‌ಒಸಿ ಮುಂದಿನ ವಾರ ಬರುತ್ತೆ" ಅಂದರೆ ನಿಮ್ಮ ಹಣವೂ ಮುಂದಿನ ವಾರ ಅನ್ನಿ.

ಹಿಂದಿನ ವರ್ಷದ ವಿಮೆ ಪಾಲಿಸಿ ಕೇಳಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಐದಾರು ವರ್ಷ ಒಬ್ಬನೇ ಮಾಲೀಕ ಇಟ್ಟುಕೊಂಡಿದ್ದ, "ಒಂದು ಗೀರೂ ಬಿದ್ದಿಲ್ಲ" ಅನ್ನುವ ಗಾಡಿಯ ಬೋನಸ್ ಸೊನ್ನೆ ಅಂದರೆ ಕ್ಲೇಮ್ ಆಗಿರುವ ಸಾಧ್ಯತೆ ಇದೆ. ಏನಾಗಿತ್ತು ಅಂತ ಕೇಳುವ ಹಕ್ಕು ನಿಮಗಿದೆ. ಒಂದು ವಿಷಯ ನೆನಪಿರಲಿ, ಆ ಬೋನಸ್ ನಿಮಗೆ ಬರಲ್ಲ. ಅದು ಮಾಲೀಕನದ್ದು, ಗಾಡಿಯದ್ದಲ್ಲ. ಗಾಡಿ ಕೈ ಬದಲಾದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಬೇಕು.

ಬಾಕಿ ದಂಡ ಎಷ್ಟಿದೆ ನೋಡಿ. ಬೆಂಗಳೂರಿನ ಸಿಗ್ನಲ್ ಕ್ಯಾಮೆರಾಗಳು ಹಾಕಿದ ದಂಡ ಗಾಡಿ ನಂಬರಿಗೆ ಅಂಟಿಕೊಂಡಿರುತ್ತೆ. ಹಳೇ ಮಾಲೀಕನ ಫಾಸ್ಟ್ಯಾಗ್ ಮುಚ್ಚಿಸಿ. 2019ರ ಏಪ್ರಿಲ್‌ಗಿಂತ ಹಳೇ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ.

ದೆಹಲಿ ಗಾಡಿಯ ಆಮಿಷ. "ಎರಡು ಲಕ್ಷ ಕಡಿಮೆಗೆ ಕ್ರಿಸ್ಟಾ, ಡೆಲ್ಲಿ ರಿಜಿಸ್ಟ್ರೇಷನ್" ಅಂತ ಬರುತ್ತಲ್ಲ? ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗೆ ನಿರ್ಬಂಧ ಹಾಕಿ ವರ್ಷಗಳೇ ಆದವು. ಅದರ ಮೇಲೆ ಕೋರ್ಟಿನಲ್ಲಿ ವಾದ ನಡೆಯುತ್ತಲೇ ಬಂದಿದೆ. ಆ ಭಯಕ್ಕೆ ಅಲ್ಲಿ ಬೆಲೆ ಬೀಳುತ್ತೆ, ಗಾಡಿ ನಮ್ಮ ಕಡೆ ಬರುತ್ತೆ. ಆದರೆ ಇಲ್ಲಿ ನೋಂದಣಿ ಮಾಡಿಸುವಾಗ ಆ ಆರ್‌ಟಿಒದ ಎನ್‌ಒಸಿ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಎಲ್ಲಾ ಕೂಡಿಸಿದ ಮೇಲೆ ಉಳಿಯೋದೆಷ್ಟು ಅಂತ ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

ಈಗ ಮಾರುವವರಿಗೂ ಒಂದು ಮಾತು. ಗಾಡಿ ಕೊಟ್ಟು, ದುಡ್ಡು ಎಣಿಸಿಕೊಂಡು, ಸಹಿ ಮಾಡಿದ ಖಾಲಿ ಫಾರಂ 29, ಫಾರಂ 30 ಕೊಟ್ಟು ಮನೆಗೆ ಬಂದು ನಿದ್ದೆ ಮಾಡ್ತೀರಲ್ಲ, ಎಚ್ಚರ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದು ಕಾರು ಒಬ್ಬರಿಂದ ಒಬ್ಬರಿಗೆ ಹೀಗೆ ಹಲವರ ಕೈ ದಾಟಿತ್ತು, ಯಾರೂ ಹೆಸರು ಬದಲಾಯಿಸಿರಲಿಲ್ಲ. 2009ರಲ್ಲಿ ಆ ಕಾರು ಅಪಘಾತ ಮಾಡಿತು, ಒಂದು ಮಗು ಸತ್ತಿತು. ಪರಿಹಾರ ಯಾರು ಕೊಡಬೇಕು? ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ, ಅಂದರೆ ಯಾವತ್ತೋ ಮಾರಿ ಕೈತೊಳೆದುಕೊಂಡಿದ್ದ ಆ ಮೊದಲನೆಯವನೇ, ಅಂತ ನ್ಯಾಯಾಲಯ ಹೇಳಿತು.

ಕೊಳ್ಳುವವರಿಗೂ ಇದೇ ಪಾಠ. ನಿಮ್ಮ ಹೆಸರಿಗೆ ಆಗದ ಗಾಡಿ ನಿಮ್ಮದಲ್ಲ. ಅದಕ್ಕೆ ಏನಾದರೂ ಆದರೆ ವಿಮೆ ಹಣ ಕೇಳೋಕೆ ಹೋದಾಗ "ನೀವು ಯಾರು?" ಅಂತ ಕೇಳ್ತಾರೆ. ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ದಲ್ಲಾಳಿ ಮಾಡಿಸ್ತಾನೆ ಅಂತ ಬಿಡಬೇಡಿ. ವರ್ಗಾವಣೆ ಆಗುವವರೆಗೆ ಒಂದಿಷ್ಟು ಹಣ ಹಿಡಿದಿಟ್ಟುಕೊಳ್ಳೋದು ತಪ್ಪಲ್ಲ. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಡೀಲರ್ ಹತ್ತಿರ ಕೊಳ್ಳುವುದಾದರೆ 2023ರ ಏಪ್ರಿಲ್‌ನಿಂದ ಹೊಸ ನಿಯಮ ಇದೆ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆದಿರಬೇಕು. ಮಾಲೀಕನಿಂದ ಗಾಡಿ ಪಡೆದಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಿದ ಮೇಲೆ ಅದರ ಹೊಣೆ ಡೀಲರನದ್ದೇ. ಆ ಪತ್ರ ತೋರಿಸಿ ಅಂತ ಕೇಳಿ. ತೋರಿಸದೆ ಚಹಾ ತರಿಸಿದರೆ, ಚಹಾ ಕುಡಿದು ವಾಪಸ್ ಬನ್ನಿ.

ಕೊನೇದಾಗಿ ದುಡ್ಡು.

ಸೆಕೆಂಡ್ ಹ್ಯಾಂಡ್ ಗಾಡಿಯ ಸಾಲಕ್ಕೆ ಬಡ್ಡಿ ಹೊಸ ಗಾಡಿಗಿಂತ ಹೆಚ್ಚು. ಒಂದು ಉದಾಹರಣೆ. ಐದು ಲಕ್ಷ ಸಾಲ, ಐದು ವರ್ಷ. ಶೇಕಡಾ 9 ಬಡ್ಡಿಯಾದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಶೇಕಡಾ 14 ಆದರೆ ಸುಮಾರು 11,630. ತಿಂಗಳಿಗೆ ಸಾವಿರ ಚಿಲ್ಲರೆ ತಾನೇ ಅನ್ನಿಸುತ್ತೆ. ಐದು ವರ್ಷಕ್ಕೆ ವ್ಯತ್ಯಾಸ ಸುಮಾರು 75,000. ಹೀಗಾಗಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಒಟ್ಟು ಖರ್ಚು ಲೆಕ್ಕ ಹಾಕಿ. ಕೆಲವು ಸಲ ಎರಡು ವರ್ಷ ಹಳೇದಕ್ಕಿಂತ ಹೊಸದೇ ವಾಸಿ ಅನ್ನಿಸಬಹುದು.

ಅದರಲ್ಲೂ 2025ರ ಸೆಪ್ಟೆಂಬರ್ 22ರ ನಂತರ. ಟ್ರೈಬರ್, ಈಕೋದಂಥ ಚಿಕ್ಕ ಗಾಡಿಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇಕಡಾ 29 ಇದ್ದಿದ್ದು 18ಕ್ಕೆ ಇಳಿಯಿತು. ಎರ್ಟಿಗಾದಂಥ ನಾಲ್ಕು ಮೀಟರ್ ಮೀರಿದ ಗಾಡಿಗೆ 45 ಇದ್ದಿದ್ದು 40 ಆಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೇದರದ್ದೂ ಇಳಿಯಬೇಕಲ್ವಾ? "ನಾನು ಕೊಂಡಾಗ ಇಷ್ಟಿತ್ತು" ಅಂತ ಮಾರುವವರು ಹಳೇ ಬಿಲ್ ತೋರಿಸ್ತಾರೆ. ನೀವು ಇವತ್ತಿನ ಷೋರೂಂ ಬೆಲೆ ತೋರಿಸಿ.

2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೇ ಕಾರಿಗೆ ಶೇಕಡಾ 18 ತೆರಿಗೆ ಅಂದಾಗ ದೊಡ್ಡ ಗದ್ದಲ ಆಯಿತು. ಆ ತೆರಿಗೆ ನೋಂದಾಯಿತ ಡೀಲರಿಗೆ, ಅದೂ ಅವನ ಲಾಭದ ಮೊತ್ತದ ಮೇಲೆ ಮಾತ್ರ. ಒಬ್ಬ ವ್ಯಕ್ತಿ ತನ್ನ ಗಾಡಿಯನ್ನು ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. "ಜಿಎಸ್‌ಟಿ ಬಂದಿದೆ ಸಾರ್, ಪೂರ್ತಿ ಬೆಲೆ ಮೇಲೆ ಹದಿನೆಂಟು ಪರ್ಸೆಂಟ್ ಕೊಡಿ" ಅಂದರೆ ಒಪ್ಪಬೇಡಿ.

ಕೈಯಲ್ಲಿರೋ ಪೂರ್ತಿ ಹಣವನ್ನು ಗಾಡಿಗೇ ಸುರೀಬೇಡಿ. ಆರು ಲಕ್ಷ ಇದ್ದರೆ ಐದೂಕಾಲರ ಗಾಡಿ ನೋಡಿ. ಉಳಿದದ್ದು ಟೈರಿಗೆ, ಬ್ಯಾಟರಿಗೆ, ಬ್ರೇಕಿಗೆ, ವಿಮೆಗೆ. ಹಳೇ ಗಾಡಿ ಮನೆಗೆ ಬಂದ ಮೊದಲ ಮೂರು ತಿಂಗಳು ಏನಾದರೂ ಕೇಳೇ ಕೇಳುತ್ತೆ.

ಇನ್ನೊಂದು ಕೆಲಸ ಬಾಕಿ ಇದೆ. ಗಾಡಿ ನೋಡೋಕೆ ಮನೆಯ ಗಂಡಸರು ಮಾತ್ರ ಹೋಗ್ತಾರೆ, ಡ್ರೈವರ್ ಸೀಟಿನಲ್ಲಿ ಕೂತು ಒಂದು ಸುತ್ತು ಹೊಡೆದು ಬರ್ತಾರೆ. ಅಜ್ಜಿಯನ್ನೂ ಕರ್ಕೊಂಡು ಹೋಗಿ. ಮಂಡಿ ನೋವಿರುವ ಅಜ್ಜಿ ಆ ಮೆಟ್ಟಿಲು ಹತ್ತಬಲ್ಲರಾ? ಮಕ್ಕಳನ್ನು ಮೂರನೇ ಸಾಲಿನಲ್ಲಿ ಕೂರಿಸಿ. ಎ.ಸಿ. ಗಾಳಿ ಅಲ್ಲಿಗೆ ಬರುತ್ತಾ? ಅಲ್ಲಿ ಸೀಟ್ ಬೆಲ್ಟ್ ಇದೆಯಾ, ಲಾಕ್ ಆಗುತ್ತಾ? ಏಳೂ ಸೀಟು ತುಂಬಿದ ಮೇಲೆ ಬ್ಯಾಗ್ ಇಡೋಕೆ ಜಾಗ ಎಲ್ಲಿ? ಏಳೂ ಜನ ಬೆಲ್ಟ್ ಹಾಕ್ಕೊಂಡು ಕೂರೋಕಾದರೆ ಮಾತ್ರ ಅದು ಏಳು ಸೀಟಿನ ಗಾಡಿ. ಆಗದಿದ್ದರೆ ನಿಮ್ಮ ಸಣ್ಣ ಕಾರಿಗೂ ಅದಕ್ಕೂ ಏನು ವ್ಯತ್ಯಾಸ?

ಮಾರುವವರು ಯಾವಾಗಲೂ ಅವಸರ ಮಾಡ್ತಾರೆ. "ಸಂಜೆ ಇನ್ನೊಂದು ಪಾರ್ಟಿ ಬರ್ತಿದ್ದಾರೆ ಸಾರ್, ಈಗಲೇ ಹೇಳಿಬಿಡಿ." ಬರಲಿ ಬಿಡಿ. ಅವರೇ ತಗೊಂಡು ಹೋಗಲಿ. ಈ ರಾಜ್ಯದಲ್ಲಿ ಹಳೇ ಗಾಡಿಗೆ ಬರ ಇಲ್ಲ. ನಿಮ್ಮ ಆರು ಲಕ್ಷ ಕೂಡಿಡೋಕೆ ಎಷ್ಟು ವರ್ಷ ಹಿಡಿಯಿತು ಅಂತ ನಿಮಗೇ ಗೊತ್ತು. ಅದನ್ನು ಕೊಡೋಕೆ ಒಂದು ತಿಂಗಳಾದರೂ ತಗೊಳ್ಳಿ.

ಯೋಚನೆ ಮಾಡಿ.